ಅಚ್ಚು ಹಿಡಿದ ಐದು ಕೋಲು

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹೆದ್ದಾರಿ ಬದಿಯ ಗ್ಯಾರೇಜು. ಅಣ್ಣನ ಮಗನ ಥಾರ್ ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿದೆ. ಹಿಂದಿನ ಎರಡೂ ಗಾಲಿ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಗಾಡಿಯ ಅಡಿಯಿಂದ ಮಿಸ್ತ್ರಿಯ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು, ಜೊತೆಗೆ ಅವರ ದನಿ. ‘ತಮ್ಮಾ, ಈಗ ಪೂರಾ ಬಿಗೀಬ್ಯಾಡ. ಗಾಡಿ ತನ್ನ ಕಾಲ ಮ್ಯಾಲ ತಾ ನಿಂದ್ರಲಿ, ಆಮ್ಯಾಲ ಬಿಗಿ.’

ಪಾನಾ ಹಿಡಿದ ಹುಡುಗ ಕೈ ತಡೆದ. ನಾನು ಮದುವೆಗೆಂದು ಬಂದವನು, ಚಹಾ ಹಿಡಿದು ನಿಂತಿದ್ದೆ. ಬೋಲ್ಟು ಬಿಗಿಯುವುದಕ್ಕೂ ಹೊತ್ತು ಗಳಿಗೆ ನೋಡಬೇಕೆ ಅಂತ ಕೇಳಿದೆ. ಮಿಸ್ತ್ರಿ ಹೊರಗೆ ಬಂದು ಕೈ ಒರೆಸಿಕೊಂಡು ನಕ್ಕರು. ‘ನೋಡಬೇಕ್ರಿ ಸರ. ನೋಡಲಾರದ್ದಕ್ಕೇ ಈ ಗಾಡಿ ಇಲ್ಲಿಗೆ ಬಂದದ.’

ಹಕೀಕತ್ತು ಇಷ್ಟೇ. ಅಣ್ಣನ ಮಗ ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಗಾಡಿಯನ್ನು ಎರಡು ಇಂಚು ಎತ್ತರಿಸಿಕೊಂಡು ಬಂದಿದ್ದ. ಉದ್ದನೆಯ ಸ್ಪ್ರಿಂಗು, ಉದ್ದನೆಯ ಶಾಕು, ದಪ್ಪ ಟೈರು. ನೋಡಲಿಕ್ಕೆ ಬಲು ಚೆಂದ. ಆದರೆ ವೇಗ ಅರವತ್ತು ದಾಟಿತೆಂದರೆ ಸೀಟಿನಡಿ ಗುರ್ರೆಂದು ನಡುಕ. ಹಿಂದಿನಿಂದ ನೋಡಿದರೆ ಬಲಗಡೆಯ ಟೈರು ಎಡಗಡೆಯದಕ್ಕಿಂತ ತುಸು ಹೆಚ್ಚು ಹೊರಗೆ ಇಣುಕುತ್ತಿತ್ತು. ಆ ಅಂಗಡಿಯವರು ಗಾಡಿಯನ್ನು ಎತ್ತಿದ್ದರು, ಅಚ್ಚನ್ನು ಹಿಡಿಯುವ ಕೋಲುಗಳನ್ನು ಮಾತ್ರ ಹಳೆಯವೇ ಬಿಟ್ಟಿದ್ದರು. ಈಗ ಅವನು ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಹೊಸ ಲಿಂಕುಗಳನ್ನು ತರಿಸಿದ್ದ. ಗೋಣಿಚೀಲದ ಮೇಲೆ ಸಾಲಾಗಿ ಮಲಗಿದ್ದವು, ಎರಡೂ ತುದಿಗೆ ಕಣ್ಣುಳ್ಳ ಕಬ್ಬಿಣದ ಐದು ಕೋಲುಗಳು.

ಗಾಡಿಗೆ ಈ ಕೋಲುಗಳು ಯಾಕೆ ಬೇಕಾದವು? ಅದನ್ನು ಹೇಳಲು ಎತ್ತಿನ ಬಂಡಿಗೇ ಹೋಗಬೇಕು.

ಮಿಸ್ತ್ರಿಯ ಮನೆತನ ನಿಲಂಗಾದ ಕಡೆಯದು, ಅಜ್ಜ ಬಂಡಿ ಕಟ್ಟುವ ಬಡಗಿ. ಅಜ್ಜನ ಕಾಲಕ್ಕೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು, ಅಹಮದಪುರದ ಜೊತೆ ಈ ಎರಡು ಆಗಿನ ಮುಂಬೈ ರಾಜ್ಯಕ್ಕೆ ಹೋದವು. ಹಾಗಾಗಿ ಈ ಗ್ಯಾರೇಜಿನಲ್ಲಿ ಲೆಕ್ಕ ಮರಾಠಿಯಲ್ಲಿ, ಬೈಗುಳ ದಖ್ಖನಿಯಲ್ಲಿ, ಬುದ್ಧಿಮಾತು ಕನ್ನಡದಲ್ಲಿ. ಅಜ್ಜ ಕಟ್ಟುತ್ತಿದ್ದ ಬಂಡಿಯಲ್ಲಿ ಅಚ್ಚು ನೇರವಾಗಿ ಬಂಡಿಯ ಮೈಗೇ ಬಿಗಿದಿರುತ್ತಿತ್ತು. ಗಾಲಿ ಕಲ್ಲು ಹತ್ತಿದರೆ ಕೂತವನ ಬೆನ್ನೂ ಕಲ್ಲು ಹತ್ತಿದಂತೆ. ಅಲ್ಲಿ ಚಿಂತೆಯೆಲ್ಲ ಗಾಲಿ ಕಳಚದಂತೆ ತಡೆಯುವ ಕಡೆಗೀಲಿನದು. ಜೇಡರ ದಾಸಿಮಯ್ಯ ವಚನದೊಳಕ್ಕೆ ತಂದದ್ದೂ ಆ ಕಡೆಗೀಲನ್ನೇ. ಅಚ್ಚು ತಾನಿದ್ದ ಜಾಗ ಬಿಟ್ಟು ಕದಲಬಹುದು ಎಂಬ ಯೋಚನೆಗೆ ಆ ಬಂಡಿಯಲ್ಲಿ ಎಡೆಯೇ ಇರಲಿಲ್ಲ.

ಅಚ್ಚನ್ನೂ ಮೈಯನ್ನೂ ಬೇರೆ ಮಾಡಿ ನಡುವೆ ಕಮಾನು ಇಟ್ಟದ್ದು ಕುದುರೆ ಸಾರೋಟಿನವರು. ಲಂಡನ್ನಿನ ಒಬಡಯ್ಯ ಎಲಿಯಟ್ 1804ರಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನಿಗೆ ಪೇಟೆಂಟ್ ಪಡೆದ. ಮೋಟಾರು ಬಂದಾಗ ಆ ಕಮಾನೇ ಮೋಟಾರಿನಡಿಗೂ ಹೋಯಿತು. ನಮ್ಮ ಕಡೆ ಇದಕ್ಕೆ ಪಾಟಾ ಅನ್ನುತ್ತಾರೆ, ಪ್ಲೇಟು ಅನ್ನುವವರೂ ಉಂಟು. ಲಾರಿಯವರ ಬಾಯಲ್ಲಿ ‘ಪಾಟಾ ಮುರೀತು’ ಎಂಬ ಮಾತು ಮನೆಯಲ್ಲಿ ಸಾವಾದ ಸುದ್ದಿಯಂತೆ ಕೇಳುತ್ತದೆ.

ಈ ಪಾಟಾದ ಜಾಣತನವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅದು ಭಾರ ಹೊರುತ್ತದೆ, ಅದಂತೂ ಎಲ್ಲರಿಗೂ ಗೊತ್ತು. ಅಚ್ಚನ್ನು ಹಿಡಿದುಕೊಂಡಿರುವುದೂ ಅದೇ. ಪಾಟಾದ ಮುಂದಿನ ಕಣ್ಣು ಚಾಸಿಗೆ ಕೂತಿರುತ್ತದೆ, ಹಿಂದಿನ ಕಣ್ಣು ಷಾಕಲ್ ಎಂಬ ತೂಗುಕೊಂಡಿಗೆ, ಮಧ್ಯದಲ್ಲಿ ಯು-ಬೋಲ್ಟು ಹಾಕಿ ಅಚ್ಚನ್ನು ಕಟ್ಟಿರುತ್ತಾರೆ. ಅಚ್ಚು ಹಿಂದೆ ಮುಂದೆ ಸರಿಯದಂತೆ, ಎಡಬಲ ಜಾರದಂತೆ, ಎಂಜಿನ್ನಿನ ತಿರುಚಿಗೆ ತಾನೇ ಉರುಳದಂತೆ, ಎಲ್ಲಕ್ಕೂ ಅದೊಂದೇ ಪಟ್ಟಿಕಟ್ಟು. ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಲುಕಾಟವನ್ನೂ ಕೊಂಚ ತಿಂದುಹಾಕುತ್ತವೆ. ಬಡವರ ಮನೆಯಲ್ಲಿ ಒಬ್ಬಳೇ ಹೆಂಗಸು ಎಲ್ಲ ಕೆಲಸ ಮಾಡಿದ ಹಾಗೆ. ಮಾಡುತ್ತಾಳೆ, ಆದರೆ ಯಾವುದಕ್ಕೂ ಪೂರ್ತಿ ಬಿಡುವಿಲ್ಲ.

ಪಾಟಾದ ಜೀಪನ್ನು ಉಮರ್ಗಾ ಕಂಡದ್ದು ಮರೆಯುವಂಥ ದಿನದಲ್ಲಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಿಜಾಮನ ಸೀಮೆಗೆ ನುಗ್ಗಿತು. ನಸುಕಿನಲ್ಲಿ ನಳದುರ್ಗ, ಬೆಳಗ್ಗೆ ಜಳಕೋಟ, ಮಧ್ಯಾಹ್ನ ಮೂರರ ಸುಮಾರಿಗೆ ಉಮರ್ಗಾ. ನಿಜಾಮನ ಪರ ನಿಂತ ರಜಾಕಾರರ ತಡೆ ಇಲ್ಲಿ ಮುರಿದುಬಿತ್ತು. ಟ್ಯಾಂಕು, ಲಾರಿಗಳ ಆ ಸಾಲಿನಲ್ಲಿ ಎರಡನೆಯ ಮಹಾಯುದ್ಧದ ಜೀಪುಗಳೂ ಇದ್ದವು. ಇದೇ ರಸ್ತೆ ಮುಂದೆ ಹುಮನಾಬಾದ, ಜಹೀರಾಬಾದ ಹಾಯ್ದು ಹೈದರಾಬಾದಿಗೆ ಹೋಗುತ್ತದೆ. ಆಗಿನ್ನೂ ಅದು ಡಾಂಬರಿನ ನಾಲ್ಕು ಪಥದ ಹೆದ್ದಾರಿಯಲ್ಲ. ಎರೆಮಣ್ಣಿನ ಸೀಮೆ, ಮಳೆಗಾಲದ ಕೊನೆ. ನಾಲ್ಕೂ ಗಾಲಿಗೆ ಎಳೆತವಿರುವ ಜೀಪು ಯಾಕೆ ಬೇಕೆಂಬುದನ್ನು ಈ ಮಣ್ಣಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ನೆನೆದಾಗ ಗಾಲಿಗೆ ಸುತ್ತಿಕೊಂಡು ಗಾಲಿಯನ್ನೇ ಎರಡರಷ್ಟು ದಪ್ಪ ಮಾಡುವ ಅಂಟು.

ಅದೇ ಹೊತ್ತಿಗೆ ಮುಂಬೈಯಲ್ಲಿ ಜೀಪನ್ನು ಇಲ್ಲೇ ಜೋಡಿಸುವ ಕೆಲಸ ಬೇರೂರುತ್ತಿತ್ತು. 1945ರ ಅಕ್ಟೋಬರ್ 2ರಂದು ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ದೇಶವಿಭಜನೆಯ ನಂತರ ಮಹೀಂದ್ರ ಅಂಡ್ ಮಹೀಂದ್ರ ಆಗಿ ವಿಲ್ಲೀಸ್ ಜೀಪುಗಳನ್ನು ಕಟ್ಟತೊಡಗಿತು. ಅಲ್ಲಿಂದ ಹತ್ತಾರು ವರ್ಷ ಜೀಪು ಅಂದರೆ ಪಾಟಾ. ಕೊಡಗಿನ ಮಾಂದಲಪಟ್ಟಿಗೆ, ಕೊಡಚಾದ್ರಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಹಳೆಯ ಜೀಪುಗಳ ಅಡಿ ನೋಡಿ, ಅದೇ. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಗೂ ಅದೇ. 2010ರಲ್ಲಿ ಬಂದ ಮೊದಲ ಥಾರ್ ಕೂಡ ಮುಂದೆ ಟಾರ್ಷನ್ ಬಾರ್ ಎಂಬ ತಿರುಚು ಸರಳಿಗೆ ಬದಲಾದರೂ ಹಿಂದೆ ಪಾಟಾವನ್ನೇ ಉಳಿಸಿಕೊಂಡಿತ್ತು.

ಪಾಟಾದ ಜೀಪನ್ನು ಎತ್ತರಿಸಲು ಯಾರೂ ಪೆಟ್ಟಿಗೆ ತೆಗೆದು ಕಿಟ್ಟು ತರಿಸುತ್ತಿರಲಿಲ್ಲ. ಇನ್ನೊಂದು ಪಟ್ಟಿ ಸೇರಿಸಿದರಾಯಿತು. ಇಲ್ಲವೆ ಷಾಕಲ್ ಉದ್ದ ಮಾಡಿದರಾಯಿತು. ಪಾಟಾ ಅಚ್ಚಿನ ಕೆಳಗಿರುವ ಜೀಪಾದರೆ ಅದನ್ನು ಅಚ್ಚಿನ ಮೇಲಕ್ಕೆ ಕೂಡಿಸಿ ಒಮ್ಮೆಲೇ ಗೇಣುದ್ದ ಎತ್ತುವ ಮಿಸ್ತ್ರಿಗಳೂ ಇದ್ದರು. ಆದರೆ ಕಟ್ಟು ದಪ್ಪವಾದಷ್ಟೂ ಗಾಡಿ ಬಂಡಿಯೇ ಆಗಿಬಿಡುತ್ತದೆ, ಒಂದು ಗಾಲಿ ಕುಣಿಗಿಳಿದರೆ ಇನ್ನೊಂದು ಗಾಳಿಯಲ್ಲಿ ಬೀಸುತ್ತದೆ.

ಹೊರುವ ಕೆಲಸಕ್ಕೊಬ್ಬರು, ಹಿಡಿಯುವ ಕೆಲಸಕ್ಕೊಬ್ಬರು ಎಂದು ಪಾಲು ಮಾಡಿ, ಕಾಡುಮೇಡಿನ ಗಾಡಿಗೆ ಮೆತ್ತನೆಯ ಸುರುಳಿ ಸ್ಪ್ರಿಂಗು ತಂದ ಹೆಸರುವಾಸಿ ಗಾಡಿ 1970ರ ರೇಂಜ್ ರೋವರ್. ಸುರುಳಿ ಹೆಗಲು ಕೊಡಬಲ್ಲದು, ಕೈ ಹಿಡಿಯಲಾರದು. ಮೇಲಿಂದ ಒತ್ತಿದರೆ ಕುಗ್ಗುತ್ತದೆ, ಪಕ್ಕಕ್ಕೆ ತಳ್ಳಿದರೆ ಬಾಗಿಬಿಡುತ್ತದೆ. ಹಾಗಾಗಿ ಅಚ್ಚನ್ನು ಹಿಡಿಯಲು ಕೋಲುಗಳು ಹುಟ್ಟಿದವು. ಕೆಳಗೆರಡು ಅಚ್ಚನ್ನು ಹಿಂದೆಮುಂದೆ ಹೋಗದಂತೆ ತಡೆಯುತ್ತವೆ. ಎಂಜಿನ್ ಎಳೆದಾಗ ಅಚ್ಚು ಗಾಡಿಯನ್ನು ದೂಡುವುದು ಮುಖ್ಯವಾಗಿ ಇವುಗಳ ಮೂಲಕವೇ. ಮೇಲಿನೆರಡು ಅಚ್ಚು ಮಗುಚದಂತೆ ಜಗ್ಗಿ ಹಿಡಿಯುತ್ತವೆ. ಐದನೆಯದು ಅಡ್ಡಕೋಲು. ಒಂದು ತುದಿ ಚಾಸಿಯ ಒಂದು ಮಗ್ಗುಲಿಗೆ, ಇನ್ನೊಂದು ತುದಿ ಅಚ್ಚಿನ ಇನ್ನೊಂದು ಮಗ್ಗುಲಿಗೆ. ಫ್ರಾನ್ಸಿನ ಹಳೆಯ ಕಾರು ಕಂಪನಿಯ ಹೆಸರಿನಿಂದ ಅದಕ್ಕೆ ಪನ್ಹಾರ್ಡ್ ರಾಡ್ ಎಂದು ಹೆಸರು, ಗ್ಯಾರೇಜಿನಲ್ಲಿ ಅದು ‘ಪನಾಡ ರಾಡ್’. ಸುಝುಕಿ ಜಿಮ್ನಿಯಂಥ ಸಣ್ಣ ಗಾಡಿ ಕೆಳಗಿನ ಎರಡು ಮತ್ತು ಅಡ್ಡದ ಒಂದು, ಹೀಗೆ ಮೂರರಲ್ಲೇ ಸಂಸಾರ ತೂಗಿಸುತ್ತದೆ.

ಅಮೆರಿಕದ ಜೀಪ್ ರಾಂಗ್ಲರ್ ಪಾಟಾ ಬಿಟ್ಟದ್ದು 1996ರಲ್ಲಿ. ನಮ್ಮ ಥಾರ್ ಬಿಟ್ಟದ್ದು 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಎರಡನೆಯ ಅವತಾರದಲ್ಲಿ. ಕಂಪನಿಗೆ ಅಂದೇ ಎಪ್ಪತ್ತೈದು ತುಂಬಿತ್ತು. ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ನೀರಿನಲ್ಲಿ ನಡೆಯುವ ಶಕ್ತಿ. ನನ್ನ ಕೇಳಿದರೆ ಉಮರ್ಗಾದ ಹೊಲದ ದಾರಿಗೆ ಇಷ್ಟು ಸಾಕೋ ಸಾಕು. ಆದರೆ 2014ರಿಂದ ಗೋವಾದ ಮಳೆಗಾಲದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್ ಓಟದ ವಿಡಿಯೊಗಳನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ನೋಡುವ ಹುಡುಗರಿಗೆ ಚಿಕ್ಕಪ್ಪನ ಲೆಕ್ಕ ಹಿಡಿಸುತ್ತದೆಯೆ?

ಎತ್ತರಿಸಿದಾಗ ಆಗುವುದೇನು? ಮಿಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಕೋಲಿನ ಮುಂದಿನ ತುದಿ ಚಾಸಿಯಲ್ಲಿ ಕೀಲು, ಹಿಂದಿನ ತುದಿ ಅಚ್ಚಿನಲ್ಲಿ. ಗಾಡಿ ಮೇಲೇರಿತೆಂದರೆ ಅಚ್ಚು ಕೋಲಿನ ಲೆಕ್ಕಕ್ಕೆ ಕೆಳಗಿಳಿಯಿತು. ಕೋಲು ಬಾಗಿಲಿನಂತೆ ಕೀಲಿನ ಸುತ್ತ ತಿರುಗುವುದರಿಂದ ಕೆಳಗಿಳಿಯುವ ಅಚ್ಚು ಮುಂದಕ್ಕೂ ಸರಿಯುತ್ತದೆ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. 60 ಸೆಂ.ಮೀ. ಉದ್ದದ ಕೋಲು ಮಟ್ಟವಾಗಿ ಮಲಗಿದೆ ಎನ್ನಿ. ಅದರ ತುದಿ 5 ಸೆಂ.ಮೀ. ಇಳಿದರೆ ಮುಂದಕ್ಕೆ ಸರಿಯುವುದು ಬರೀ 2 ಮಿ.ಮೀ. ಇನ್ನೂ 5 ಸೆಂ.ಮೀ. ಇಳಿಸಿ, ಈ ಸಲ ಮತ್ತೆ 6 ಮಿ.ಮೀ. ಮೊದಲೇ ಇಳಿಜಾರಿನಲ್ಲಿರುವ ಕೋಲಿಗೆ ಎತ್ತರಿಸಿದ ಪ್ರತಿ ಇಂಚೂ ಹೆಚ್ಚು ತುಟ್ಟಿ. ಅಡ್ಡಕೋಲಿನದೂ ಅದೇ ಕತೆ, ಅದು ಅಚ್ಚನ್ನು ಚಾಸಿಯ ಕೀಲಿರುವ ಮಗ್ಗುಲಿಗೆ ಎಳೆದುಕೊಳ್ಳುತ್ತದೆ. ಬಲಗಡೆಯ ಟೈರು ಇಣುಕುತ್ತಿದ್ದುದು ಅದಕ್ಕೇ. ಇನ್ನು ಮೇಲಿನ ಕೋಲು, ಕೆಳಗಿನ ಕೋಲು ಒಂದೇ ಉದ್ದದವಲ್ಲ, ಒಂದೇ ಇಳಿಜಾರಿನವೂ ಅಲ್ಲ. ಹಾಗಾಗಿ ಅಚ್ಚಿನ ಮೂತಿ ತಿರುಗಿ, ಎಂಜಿನ್ನಿನ ಎಳೆತವನ್ನು ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಸೀಟಿನಡಿಯ ಗುರ್ರಾಟ ಅದರದು.

ಬಿಡಿಸಿ ನೋಡಿದರೆ ಮದ್ದೂ ಸರಳ. ಕೆಳಗಿನ ಕೋಲನ್ನು ಉದ್ದ ಮಾಡಿ ಗಾಲಿಯನ್ನು ಮಡ್‌ಗಾರ್ಡಿನ ನಡುವಿಗೆ ತಾ. ಮೇಲಿನದನ್ನು ತಿರುಗಿಸಿ ಅಚ್ಚಿನ ಮೂತಿ ಸರಿಮಾಡು. ಅಡ್ಡಕೋಲನ್ನು ಉದ್ದ ಮಾಡಿ ಅಚ್ಚನ್ನು ಮಧ್ಯಕ್ಕೆ ತಳ್ಳು. ಹೊಸ ಕೋಲಿನ ತುದಿಯಲ್ಲಿ ತಿರುಪಿನ ಮರೆ ಇದೆ, ಬೇಕಾದಷ್ಟು ತಿರುಗಿಸಿ ಚೆಕ್‌ನಟ್ ಬಿಗಿದರಾಯಿತು. ಎಡಬಲದ ಜೋಡಿ ಮಾತ್ರ ಕಣ್ಣಿಂದ ಕಣ್ಣಿಗೆ ಅಳೆದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು, ಆಯಿತೆಂದರೆ ಗಾಡಿ ನಾಯಿಯ ಹಾಗೆ ಓರೆಯಾಗಿ ಓಡುತ್ತದೆ.

ಕೆಲಸ ಮಾಡುವ ಕ್ರಮ ನನಗೆ ಹಿಡಿಸಿತು. ಐದನ್ನೂ ಒಟ್ಟಿಗೆ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಹಿಡಿತ ತಪ್ಪಿದ ಅಚ್ಚು ಜಾಕಿನ ಮೇಲೆ ಉರುಳುತ್ತದೆ. ಒಂದನ್ನು ತೆಗೆ, ಅದರ ಜಾಗಕ್ಕೆ ಹೊಸದನ್ನು ಕೂಡಿಸು, ಆಮೇಲೆ ಮುಂದಿನದು. ಕೊನೆಯ ತೂತು ಎಂದೂ ಸರಿಯಾಗಿ ಎದುರಾಗುವುದಿಲ್ಲ. ಪಾನಾ ಹಿಡಿದಿದ್ದ ಹುಡುಗ ಸುತ್ತಿಗೆ ಎತ್ತಿದ. ಮಿಸ್ತ್ರಿ ಬೈದರು. ಅಚ್ಚಿನ ಕೆಳಗಿನ ಜಾಕನ್ನು ಒಂದಿಷ್ಟು ಏರಿಸಿ, ಬೆಲ್ಟು ಹಾಕಿ ಜಗ್ಗಿದರು. ಬೋಲ್ಟು ಬೆರಳಿನಿಂದ ದೂಡಿದರೇ ಒಳಗೆ ಹೋಯಿತು. ಬ್ರೇಕಿನ ರಬ್ಬರು ಪೈಪು, ಎಬಿಎಸ್ ವೈರು ಎಳೆತಕ್ಕೆ ಬಿದ್ದಿವೆಯೇ ಎಂದು ಬೆರಳಾಡಿಸಿ ನೋಡಿದರು.

ಆಮೇಲೆ ಬಂತು ಬಿಗಿಯುವ ಗಳಿಗೆ. ಕೋಲಿನ ಕಣ್ಣಿನೊಳಗೆ ರಬ್ಬರಿನ ಬುಶ್ ಇರುತ್ತದೆ. ರಬ್ಬರು ಹೊರಗಿನ ಬಳೆಗೂ ಒಳಗಿನ ಕೊಳವೆಗೂ ಅಂಟಿಕೊಂಡದ್ದು. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಅಲ್ಲೇ ಸೆಟೆದು ನಿಲ್ಲುತ್ತದೆ, ಆಮೇಲೆ ಕೋಲು ಎಷ್ಟು ಆಡಿದರೂ ತಿರುಚಿಕೊಳ್ಳುವುದು ರಬ್ಬರೇ. ಅಚ್ಚು ಜೋತುಬಿದ್ದಿರುವಾಗ ಬಿಗಿದುಬಿಟ್ಟರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ, ಮಲಗಿದಾಗಲೂ. ಬೇಗನೇ ಹರಿಯುತ್ತದೆ. ಆದ್ದರಿಂದ ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಪೂರ್ತಿ ಭಾರ ಕೊಟ್ಟು, ನಾಲ್ಕು ಸಲ ಅಲುಗಿಸಿ, ಆಮೇಲೆ ಅಡಿಗೆ ತೂರಿ ಟಾರ್ಕ್ ಪಾನಾದಿಂದ ಬಿಗಿಯಬೇಕು. ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ಹೊಸ ಕೋಲಿನ ಒಂದು ತುದಿಗೆ ರಬ್ಬರಿನ ಬದಲು ಗುಂಡಿನ ಜಾಯಿಂಟು ಇದ್ದರೆ ಈ ಕಾಟವಿಲ್ಲ, ಆದರೆ ರಸ್ತೆಯ ಸದ್ದೆಲ್ಲ ನೇರ ಒಳಗೆ.

ಮೂಲೆಯಲ್ಲಿ ನಿಂತಿದ್ದ ಸ್ಕಾರ್ಪಿಯೊ-ಎನ್ ತೋರಿಸಿ ಮಿಸ್ತ್ರಿ, ‘ಇದರಾಗ ಅಡ್ಡಕೋಲಿನ ಕಿರಿಕಿರೀನೂ ಇಲ್ಲ’ ಅಂದರು. ಬಗ್ಗಿ ನೋಡಿದೆ. ಒಂದು ಉದ್ದನೆಯ ಅಡ್ಡಕೋಲಿನ ಬದಲು ಎರಡು ಕೋಲು, ನಡುವೆ ತಿರುಗುವ ಒಂದು ತುಂಡು. ಅಚ್ಚು ಏರಿಳಿದರೂ ಪಕ್ಕಕ್ಕೆ ಸರಿಯದೆ ಹೆಚ್ಚುಕಡಿಮೆ ನೆಟ್ಟಗೇ ಆಡುತ್ತದೆ. ಇದು ಉಗಿಯಂತ್ರದ ಜೇಮ್ಸ್ ವಾಟ್ 1784ರಲ್ಲಿ ಪಿಸ್ಟನ್ ದಂಡವನ್ನು ನೆಟ್ಟಗೆ ನಡೆಸಲು ಕಟ್ಟಿದ ಕೀಲುಗಳ ಜೋಡಣೆ. 2022ರ ಸ್ಕಾರ್ಪಿಯೊ-ಎನ್, 2024ರ ಥಾರ್ ರಾಕ್ಸ್ ಎರಡರ ಹಿಂಬದಿಯಲ್ಲೂ ಅದೇ ಕೂತಿದೆ. ಉಗಿ ಹೋದರೂ ಕೀಲು ಉಳಿದುಕೊಂಡಿತು.

ಅಣ್ಣನ ಮಗನಿಗೆ ನಾನು ಹೇಳದೆ ಬಿಡಲಾಗದ ಒಂದು ಮಾತಿತ್ತು. ಕಂಪನಿ ನಮೂದಿಸಿದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಿತು. ‘ಲೆಕ್ಕ ಹಾಕು, ನಿನ್ನ ಗಾಡ್ಯಾಗ ಎಷ್ಟು ಬದಲಾವಣಿ ಅವ?’ ಅಂದೆ. ‘ಕಾಕಾ, ನೀವು ಮದುವಿಗೆ ಬಂದೀರೋ, ಆರ್‌ಟಿಒ ಆಗಿ ಬಂದೀರೋ?’ ಅಂದ. ನಗುವಿನಲ್ಲಿ ಮಾತು ತೇಲಿಹೋಯಿತು. ನನ್ನ ಅನಿಸಿಕೆ ತೇಲಲಿಲ್ಲ, ಎತ್ತರಿಸದೇ ಇರುವುದೇ ಸರಿ ಎಂದು ಈಗಲೂ ಅನ್ನುತ್ತೇನೆ. ಎತ್ತರಿಸಿದ ಮೇಲೆ ಕೋಲು ಬದಲಿಸದೆ ಓಡಿಸುವುದು ಇನ್ನೂ ದೊಡ್ಡ ತಪ್ಪು, ಅಷ್ಟೇ.

ಸಂಜೆ ಗಾಡಿಯನ್ನು ಹೆದ್ದಾರಿಗೆ ತಂದೆವು. ಅರವತ್ತು, ಎಪ್ಪತ್ತು, ಎಂಬತ್ತು. ಗುರ್ರಾಟವಿಲ್ಲ.

ವಾಪಸು ಬಂದಾಗ ಗ್ಯಾರೇಜಿನ ಮುಂದೆ ಒಬ್ಬ ಕಮ್ಮಾರ ಸೈಕಲ್ ನಿಲ್ಲಿಸಿ ಗುಜರಿ ಕೆದಕುತ್ತಿದ್ದ. ಲಾರಿಯ ಮುರಿದ ಪಾಟಾದ ತುಂಡುಗಳಿಗಾಗಿ ವಾರಕ್ಕೊಮ್ಮೆ ಬರುವವನಂತೆ. ಕಾಯಿಸಿ ಬಡಿದರೆ ಅದರಿಂದ ಒಳ್ಳೆಯ ಕುಡುಗೋಲು, ಕೊಡಲಿ ಆಗುತ್ತವೆ. ಮಿಸ್ತ್ರಿ ಥಾರಿನ ಹಳೆಯ ಕೋಲೊಂದನ್ನು ಅವನ ಕೈಗೆ ಕೊಟ್ಟು ಒಯ್ಯಿ ಅಂದರು. ಅವನು ಅದನ್ನು ಕಲ್ಲಿಗೆ ಬಡಿದು, ಕಿವಿಗಿಟ್ಟು ಕೇಳಿ, ತಿರುಗಿ ಕೊಟ್ಟ.

‘ಬ್ಯಾಡ್ರಿ. ಇದರಾಗ ಧಾರ ನಿಂದ್ರಂಗಿಲ್ಲ.’

ಎರಡು ಪಾಟಾ ತುಂಡು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟ.