ಸೀಟು ಸಿಕ್ತು, ರೂಮು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಇಂಜಿನಿಯರಿಂಗ್ ಸೀಟಿಗೆ 371(ಜೆ) ಆಸರೆಯಾಯ್ತು. ಜರ್ಮನಿಗೆ ಎಂಎಸ್ ಮಾಡೋಕೆ ಹೋದ್ರೆ ಲೆಕ್ಕ ನಾವೇ ಹಾಕ್ಬೇಕು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದ್ರೆ ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಕೈಗೆ ಬರೋದು ತಿಂಗಳಿಗೆ 992. ಬಾಡಿಗೆ, ಊಟ, ವಿಮೆ ಎಲ್ಲಾ ಅದರಲ್ಲೇ. ಮ್ಯೂನಿಕ್‌ನಲ್ಲಿ ಬಾಡಿಗೆ ತುಂಬಾ ದುಬಾರಿ; ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಲ್ಲಿ ಕಡಿಮೆ. ಹಾಗಾಗಿ ಕೋರ್ಸ್ ಪಟ್ಟಿ ಮಾಡುವಾಗಲೇ ಪಕ್ಕದಲ್ಲಿ ಆ ಊರಿನ ಬಾಡಿಗೆಯನ್ನೂ ಬರೆದುಕೊಳ್ಳೋಣ.

ಅಡ್ಮಿಷನ್ ಪತ್ರದ ಜೊತೆ ಹಾಸ್ಟೆಲ್ ಬರಲ್ಲ. ಹಾಸ್ಟೆಲ್ ನಡೆಸುವ ಸ್ಟುಡೀರೆಂಡೆನ್‌ವೆರ್ಕ್ ಸಂಸ್ಥೆಗೆ ಬೇರೆ ಅರ್ಜಿ ಹಾಕ್ಬೇಕು. ಕೆಲವು ಊರುಗಳಲ್ಲಿ ಅಡ್ಮಿಷನ್‌ಗೆ ಮೊದಲೇ ಹಾಕಬಹುದು. ಖಾಸಗಿ ರೂಮಾದ್ರೆ ವಿಡಿಯೋ ಕಾಲ್‌ನಲ್ಲಿ ನೋಡದೆ, ಕರಾರು ಓದದೆ ಅಡ್ವಾನ್ಸ್ ಕಳಿಸೋದು ಬೇಡ. ಊರಲ್ಲಿ ಭತ್ತ ಮಾರಿ ಕೂಡಿಸಿದ ದುಡ್ಡು ಅದು.