ತಪ್ಪು ಸ್ವರ ಯಾರದು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಒಮ್ಮೊಮ್ಮೆ ನೆಲವೇ ಡೊಂಕಾಗಿರುವುದೂ ಉಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ರಜಾ ದಿನಗಳಲ್ಲಿ ವಾದ್ಯಗೋಷ್ಠಿಯೊಂದರಲ್ಲಿ ಕೀಬೋರ್ಡು ನುಡಿಸಿ ಬರುವ ಸಂಭಾವನೆಯೇ ನನ್ನ ಪುಸ್ತಕಗಳಿಗೆ ಆಧಾರ. ವೇದಿಕೆಯಲ್ಲಿ ಅಪಸ್ವರ ಹೊರಟರೆ ಸಭಿಕರು ನುಡಿಸುವವನ ಮುಖ ನೋಡುತ್ತಾರೆ. ನುಡಿಸುವವನು ಪೆಟ್ಟಿಗೆ ಕೆಟ್ಟಿತೆಂದು ಅದನ್ನು ಮಾರಲು ಹೊರಡುತ್ತಾನೆ. ಒಂದರಿಂದ ಮಾನಹಾನಿ, ಇನ್ನೊಂದರಿಂದ ಧನಹಾನಿ. ಎರಡನ್ನೂ ತಪ್ಪಿಸಲು ಬೇಕಾದುದು ಎಂಜಿನಿಯರನ ವಿದ್ಯೆಯಲ್ಲ, ಕ್ರಮಬದ್ಧವಾದ ವಿಚಾರ ಮಾತ್ರ.

ಸೌಂಡ್ ಮಾಡ್ಯೂಲ್ ಎಂಬುದು ಧ್ವನಿಗಳನ್ನು ತುಂಬಿಟ್ಟುಕೊಂಡ ಪೆಟ್ಟಿಗೆ. ಅದರಲ್ಲಿ ಹಾರ್ಮೋನಿಯಮ್ಮಿಗಿರುವಂತೆ ಬೆರಳಿಡುವ ಮನೆಗಳಿಲ್ಲ. ಬೇರೊಂದು ಕೀಬೋರ್ಡು ಕೇಬಲಿನ ಮೂಲಕ ಆಜ್ಞೆ ಕಳುಹಿಸಿದಾಗ ಅದು ನುಡಿಯುತ್ತದೆ. ಈ ಆಜ್ಞೆಗಳ ಭಾಷೆಯೇ ಮಿಡಿ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯ ಪ್ರದರ್ಶನವೊಂದರಲ್ಲಿ ಅಮೆರಿಕದ ಪ್ರಾಫೆಟ್-600 ಮತ್ತು ಜಪಾನಿನ ಜುಪಿಟರ್-6 ವಾದ್ಯಗಳನ್ನು ಜೋಡಿಸಿ, ಈ ಭಾಷೆಯಿಂದ ಒಂದು ಇನ್ನೊಂದನ್ನು ನುಡಿಸಬಲ್ಲದೆಂದು ತೋರಿಸಿದರು. ಕೇಬಲಿನಲ್ಲಿ ಹರಿಯುವುದು ನಾದವಲ್ಲ, ಅಂಕಿಗಳು: ಯಾವ ಚಾನೆಲ್, ಯಾವ ಮನೆ, ಎಷ್ಟು ಬಲ. ಮನೆಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ; ಪಿಯಾನೊದ ನಡುವಣ ಸಿ ಸ್ವರ 60. ಆದ್ದರಿಂದ ತಪ್ಪು ಹುಟ್ಟುವ ಸ್ಥಳಗಳು ಮೂರೇ: ಆಜ್ಞೆ ಕೊಡುವ ಕೀಬೋರ್ಡು, ಒಯ್ಯುವ ಕೇಬಲು, ಕೇಳಿ ನುಡಿಯುವ ಪೆಟ್ಟಿಗೆ.

ಮೊದಲು ಪೆಟ್ಟಿಗೆಯೊಳಗಿನ ಪ್ರದರ್ಶನದ ಹಾಡನ್ನು ನುಡಿಸಬೇಕು. ಬಹಳಷ್ಟು ಪೆಟ್ಟಿಗೆಗಳಲ್ಲಿ ಅಂಥದೊಂದು ಇದ್ದೇ ಇರುತ್ತದೆ. ಅದಕ್ಕೆ ಕೇಬಲಿನ ಹಂಗಿಲ್ಲ. ಅದು ಸರಿಯಾಗಿ ಕೇಳಿಸಿದರೆ ಧ್ವನಿ ಹುಟ್ಟಿಸುವ ಭಾಗ ಆರೋಗ್ಯವಾಗಿದೆಯೆಂದೇ ತಿಳಿಯಬಹುದು. ಬಳಿಕ ಒಂದು ಕೀಬೋರ್ಡು, ಒಂದು ಕೇಬಲು, ಒಂದು ಚಾನೆಲ್ ಮಾತ್ರ ಉಳಿಸಿಕೊಂಡು ತಪ್ಪಿನ ಲಕ್ಷಣವನ್ನು ಗಮನಿಸಬೇಕು.

ಎಲ್ಲ ಸ್ವರಗಳೂ ಸಮನಾಗಿ ಒಂದೆರಡು ಅರ್ಧಸ್ವರ ಏರಿದ್ದರೆ ಅಥವಾ ಇಳಿದಿದ್ದರೆ ಅದು ಟ್ರಾನ್ಸ್‌ಪೋಸ್. ಗಾಯಕರ ಶ್ರುತಿಗಾಗಿ ಕೀಬೋರ್ಡಿನಲ್ಲಿ ಎರಡು, ಪೆಟ್ಟಿಗೆಯಲ್ಲಿ ಎರಡು ಏರಿಸಿದ್ದರೆ ಒಟ್ಟು ನಾಲ್ಕು ಏರುತ್ತದೆ. ಅರ್ಧಸ್ವರಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಮೂಲ ಶ್ರುತಿಯನ್ನು ನೋಡಬೇಕು. ಅದು ಸಾಮಾನ್ಯವಾಗಿ 440 ಹರ್ಟ್ಸ್. ಒಂದೇ ಸ್ವರ ಎಲ್ಲ ಸ್ಥಾಯಿಗಳಲ್ಲೂ ಡೊಂಕಾಗಿದ್ದರೆ ಯಾರೋ ಸ್ವರಶ್ರೇಣಿಯನ್ನು, ಅಂದರೆ ಸ್ಕೇಲ್ ಟ್ಯೂನಿಂಗನ್ನು, ಬದಲಿಸಿರುತ್ತಾರೆ. ವೀಣೆ ಬಾರಿಸಹೋದಾಗ ಡೋಲು ಕೇಳಿಸಿದರೆ ಚಾನೆಲ್ 10ರಲ್ಲಿದ್ದೀರಿ. 1991ರ ಜನರಲ್ ಮಿಡಿ ನಿಯಮದಂತೆ ಅದು ತಾಳವಾದ್ಯಗಳಿಗೆ ಮೀಸಲು. ಕೈ ತೆಗೆದರೂ ಸ್ವರ ನಿಲ್ಲದಿದ್ದರೆ ನಿಲ್ಲಿಸುವ ಆಜ್ಞೆ ದಾರಿಯಲ್ಲಿ ಕಳೆದಿರಬಹುದು. ಕೇಬಲು ಬದಲಿಸಿ, ಕಾಲಿನ ಪೆಡಲನ್ನೂ ಪರೀಕ್ಷಿಸಿ.

ಗಮಕ ಎಳೆಯುವಾಗ ಮಾತ್ರ ತಪ್ಪಾದರೆ ಪಿಚ್ ಬೆಂಡಿನ ವ್ಯಾಪ್ತಿ ಹೊಂದಿಲ್ಲವೆಂದರ್ಥ. ರೋಲೆಂಡ್ ಕಂಪೆನಿಯ 1987ರ ಎಂಟಿ-32 ಪೆಟ್ಟಿಗೆಯಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದರೆ ಸ್ವರ 12 ಅರ್ಧಸ್ವರ ಸರಿಯುತ್ತದೆ. ಜನರಲ್ ಮಿಡಿಯಲ್ಲಿ ಕೇವಲ ಎರಡು. ಒಂದಕ್ಕಾಗಿ ಬರೆದ ಹಾಡು ಇನ್ನೊಂದರಲ್ಲಿ ವಿಕಾರವಾಗುವುದು ಇದರಿಂದಲೇ. ಅಲ್ಲಿ ಯಂತ್ರವೂ ಕೆಟ್ಟಿಲ್ಲ, ವಾದಕನೂ ತಪ್ಪಿಲ್ಲ. ಇಬ್ಬರ ಒಪ್ಪಂದ ಮಾತ್ರ ಬೇರೆಯಾಗಿದೆ.

ಇಷ್ಟಾದರೂ ಪರಿಹಾರ ಕಾಣದಿದ್ದರೆ, ಕೂಡಿಟ್ಟ ಧ್ವನಿಗಳ ನಕಲು ತೆಗೆದಿಟ್ಟುಕೊಂಡು, ಪೆಟ್ಟಿಗೆಯನ್ನು ಕಾರ್ಖಾನೆಯಿಂದ ಬಂದ ಮೊದಲ ಸ್ಥಿತಿಗೆ ತರಬೇಕು. ಆಮೇಲೂ ಪ್ರದರ್ಶನದ ಹಾಡೇ ಅಪಸ್ವರವಾದರೆ ಮಾತ್ರ ರಿಪೇರಿಯವರ ಬಾಗಿಲು ತಟ್ಟುವುದು ನ್ಯಾಯ.

ತರ್ಕಶಾಸ್ತ್ರ ಓದಿದ ಮಿತ್ರರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಜಾನ್ ಸ್ಟೂವರ್ಟ್ ಮಿಲ್ಲನು 1843ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ವ್ಯತ್ಯಾಸ ವಿಧಾನವೇ ಇದು: ಉಳಿದುದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ, ಫಲವನ್ನು ನೋಡುವುದು. ಕಲಾ ವಿಭಾಗದ ಓದು ಹೊಟ್ಟೆಗೆ ಹಿಟ್ಟಾಗದೆಂದು ಹಂಗಿಸುವವರುಂಟು. ತರಗತಿಯಲ್ಲಿ ಕಲಿತ ಒಂದು ಸೂತ್ರ ಬಡ ಕಲಾವಿದನೊಬ್ಬನ ವಾದ್ಯವನ್ನೂ ಅವನ ಹೆಸರನ್ನೂ ಉಳಿಸಬಲ್ಲದಾದರೆ, ಅವರಿಗೆ ಬೇರೆ ಉತ್ತರ ಬೇಕಿಲ್ಲ.