ಕೋಟೆಯಲ್ಲಿ ಕೈಗಂಟು

ಸ್ಕಾಟ್ಲೆಂಡಿನ ಹಳೇ ಕೋಟೆಯಲ್ಲಿ ಹ್ಯಾಂಡ್‌ಫಾಸ್ಟಿಂಗ್ ಮಾಡ್ಕೋಬೇಕಾ? ಜೋಡಿಯ ಕೈಗಳನ್ನ ರಿಬ್ಬನ್‌ನಿಂದ ಬೆಸೆಯೋ ಶಾಸ್ತ್ರ ಅದು. ಬರೀ ಗಂಟು ಹಾಕಿದ್ರೆ ಕಾನೂನಿಗೆ ಮದುವೆ ಅಲ್ಲ. 18ನೇ ಶತಮಾನದಲ್ಲಿ ಸಾಕ್ಷಿಗಳ ಮುಂದೆ 'ನಾವು ಗಂಡ-ಹೆಂಡತಿ' ಅಂದ್ರೆ ಸಾಕಿತ್ತು. ಗ್ರೆಟ್ನಾ ಗ್ರೀನ್ ಅನ್ನೋ ಹಳ್ಳಿಯ ಕುಲುಮೆ ಹೆಸರು ಮಾಡಿದ್ದೇ ಇಂಥ ಮದುವೆಗಳಿಂದ. 1940ರಲ್ಲಿ ಆ ಪದ್ಧತಿ ನಿಂತಿತು. ಈಗ ರಿಜಿಸ್ಟ್ರಾರ್‌ಗೆ ಕನಿಷ್ಠ 29 ದಿನ ಮುಂಚೆ ನೋಟಿಸ್ ಕೊಡಬೇಕು. ಮದುವೆ ಮೊದಲೇ ರಿಜಿಸ್ಟರ್ ಆಗಿದ್ರೆ ಆ ತಲೆನೋವಿಲ್ಲ, ಶಾಸ್ತ್ರ ಮಾತ್ರ ಸಾಕು.

ಈಗ ಗಂಟು. ರಿಬ್ಬನ್ ಉದ್ದ ಇರಲಿ. ಸ್ಯಾಟಿನ್ ಬೇಡ, ಫೋಟೋಗೆ ಚೆಂದ, ಆದ್ರೆ ಜಾರುತ್ತೆ. ಹಿಡಿದ ಕೈಗಳ ಮೇಲೆ ಅದನ್ನ ಹಾಸಿ, ಇಬ್ಬರೂ ಒಂದೊಂದು ತುದಿ ಬೆರಳಲ್ಲಿ ಹಿಡಿದು ಮೆಲ್ಲಗೆ ಕೈ ಹಿಂದಕ್ಕೆಳೀರಿ. ಗಂಟು ತಾನೇ ಬೀಳುತ್ತೆ. ಹಿಂದಿನ ದಿನವೇ ಅಭ್ಯಾಸ ಮಾಡಿ, ದಯವಿಟ್ಟು!

ಕೋಟೆ ಬುಕಿಂಗ್‌ಗೆ ಮುಂಚೆ ಕೇಳಿ: ಮೇಣದಬತ್ತಿ ಹಚ್ಚಬಹುದಾ, ಹೂವಿನ ಪಕಳೆ ಎರಚಬಹುದಾ, ಮಳೆ ಬಂದ್ರೆ ಒಳಗೆಲ್ಲಿ ಜಾಗ?